ಹಳಿ ನಡುವಿನ ರುಬ್ಬುಗುಂಡು

ಈ ಬೋಗಿಯ ಚಕ್ರದಾಣೆಗೂ ಇದು ನಡೆದದ್ದೇ. ಸುಳ್ಳಾಗಿದ್ದರೆ ಮುಂದಿನ ತಿರುವಿನಲ್ಲಿ ಇಂಜಿನ್ನು ನಮ್ಮನ್ನೆಲ್ಲ ಬಿಟ್ಟು ಒಂಟಿಯಾಗಿ ಹೊಸೂರು ಸೇರಲಿ.

ಉದ್ದನಪಲ್ಲಿ ಕಡೆಯ ಒಂದು ಸಣ್ಣ ಊರು. ಊರಿನ ಬೆನ್ನಿಗೇ ರೈಲು ಹಳಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹೊಸೂರಿಗೆ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಎಂದು ಕೇಳಿ ಕೇಳಿ ಸಾಕಾದ ಊರಿನವರು ಕೊನೆಗೆ ತಾವೇ ದಾರಿ ಹುಡುಕಿಕೊಂಡರು. ಸಂತೆಗೆ ಹೋಗಬೇಕೇ? ಕೆಂಪು ಬಟ್ಟೆ ಬೀಸು. ಸಿನಿಮಾಕ್ಕೇ? ಬೀಸು. ಗಾಡಿ ಗಾಬರಿಯಿಂದ ನಿಂತರೆ ಹತ್ತಿ ಕುಳಿತುಬಿಡುತ್ತಿದ್ದರು. ಡ್ರೈವರುಗಳು ಎಷ್ಟು ದಿನ ಮೋಸ ಹೋದಾರು? ಆಮೇಲಾಮೇಲೆ ಅಲ್ಲಿ ಕೆಂಪು ಕಂಡರೆ ಸೀಟಿ ಹೊಡೆದು ಇನ್ನೂ ಜೋರಾಗಿ ಓಡಿಸತೊಡಗಿದರು.

ಅಂಥ ಹೊತ್ತಿನಲ್ಲೇ ನಾರಾಯಣಮ್ಮನ ಮಗಳು ಆದಿಲಕ್ಷ್ಮಿ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದಳು. ಹಿಂದಿನ ದಿನದಿಂದ ಒಂದೇ ಸಮನೆ ನೋವು. ಮಗು ಅಡ್ಡ ತಿರುಗಿದೆ, ಹೊಸೂರಿನ ಆಸ್ಪತ್ರೆ ಸೇರದಿದ್ದರೆ ಎರಡು ಜೀವವೂ ಉಳಿಯದು ಎಂದು ಸೂಲಗಿತ್ತಿ ಕೈಚೆಲ್ಲಿದಳು. ಮಳೆಗೆ ರಸ್ತೆ ಕೊಚ್ಚಿಹೋಗಿ ಬಸ್ಸಿರಲಿಲ್ಲ. ಎತ್ತಿನ ಗಾಡಿ ಹಳ್ಳ ದಾಟುವಂತಿರಲಿಲ್ಲ. ಮಗಳ ತುಟಿ ಬಿಳುಚಿಕೊಂಡಿತ್ತು.

"ಅಮ್ಮಾ, ಕೈ ಬುಡಬ್ಯಾಡ" ಎನ್ನುತ್ತಿದ್ದಳು.

ದೂರದಲ್ಲಿ ರೈಲುಗಾಡಿಯ ಸದ್ದು. ಪಕ್ಕದ ಮನೆಯ ಮುನಿಶಾಮಪ್ಪ ಕೆಂಪು ಟವೆಲ್ಲು ಹಿಡಿದು ಹೊರಟ.

"ಅದುಕ್ ನಿಲ್ತದೇನ್ಲಾ? ಮೊನ್ನೆ ಸಿನಿಮಾಕ್ಕೂ ಅದ್ನೇ ಬೀಸಿದ್ಯಲ್ಲ!" ಎಂದಳು ನಾರಾಯಣಮ್ಮ.

ಮುನಿಶಾಮಪ್ಪ ತಲೆ ತಗ್ಗಿಸಿದ. ನಾರಾಯಣಮ್ಮ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹಿತ್ತಲಿಗೆ ಓಡಿದಳು. ಒರಳಿನ ರುಬ್ಬುಗುಂಡನ್ನು ಎದೆಗವಚಿಕೊಂಡು ಹಳಿಯತ್ತ ನಡೆದಳು.

"ಅಕ್ಕಾ! ಹಳಿ ಮ್ಯಾಲೆ ಕಲ್ಲಿಟ್ರೆ ಗಾಡಿ ಮಗುಚ್ಕೊಂತದೆ! ಊರಿಗೂರೇ ಜೈಲಿಗೋಯ್ತೀವಿ!"

"ಕಲ್ಲಲ್ಲ ಕಣ್ಲಾ, ದೇವ್ರನ್ನ ಇಡ್ತೀನಿ. ಅರಿಸಿನ ಕುಂಕುಮ ತತ್ತಾ. ಆ ಟವೆಲ್ಲೂ ಕೊಡು."

ಹಳಿಗಳ ನಡುವೆ ಗುಂಡು ನಿಂತಿತು. ಮೈಗೆ ಅರಿಸಿನ, ಹಣೆಗೆ ಕುಂಕುಮ, ಸೊಂಟಕ್ಕೆ ಮುನಿಶಾಮಪ್ಪನ ಟವೆಲ್ಲೇ ಸೀರೆ. ಮುಂದೆ ಸಾಂಬ್ರಾಣಿ ಹೊಗೆ. ನಾರಾಯಣಮ್ಮ ತುರುಬು ಬಿಚ್ಚಿ ಅದರ ಹಿಂದೆ ನಿಂತಳು. ಗಾಡಿ ಸೀಟಿ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಅವಳ ಕಾಲಡಿಯ ಜಲ್ಲಿ ನಡುಗತೊಡಗಿತು. ಗಾಡಿ ನಿಲ್ಲದಿದ್ದರೆ ತಾನೂ ಕದಲುವುದಿಲ್ಲವೆಂದು ಕಣ್ಣು ಮುಚ್ಚಿಕೊಂಡಳು.

ಇಂಜಿನ್ನು ಕಿರುಚುತ್ತಾ ಬಂದು, ಗುಂಡಿಗೆ ಮೊಳ ದೂರದಲ್ಲಿ ನಿಂತು, ಉಸ್ಸೆಂದು ಉಗಿ ಬಿಟ್ಟು, ಮೂತಿ ಬಗ್ಗಿಸಿ ನಮಸ್ಕಾರ ಮಾಡಿತು. ಕಂಡವರು ಇದ್ದಾರೆ. ಡ್ರೈವರು ಚಪ್ಪಲಿ ಬಿಟ್ಟು ಕೆಳಗಿಳಿದು ಕೈಮುಗಿದ.

"ಏನ್ ಬೇಕು ತಾಯೇ?"

ದೇವಿಯ ಗತ್ತಿನಲ್ಲಿ ಗದರಬೇಕೆಂದುಕೊಂಡಿದ್ದಳು ನಾರಾಯಣಮ್ಮ. ಬಂದದ್ದು ಅಳು.

"ನನ್ ಮಗ್ಳು ಸಾಯ್ತಾವ್ಳೆ ಕಣಪ್ಪಾ. ಹತ್ತುಸ್ಕೋ."

ಡ್ರೈವರು ಗುಂಡನ್ನು ನೋಡಿದ, ಟವೆಲ್ಲನ್ನು ನೋಡಿದ, ಅವಳನ್ನು ನೋಡಿದ. ಗುಂಡನ್ನು ತಾನೇ ಎತ್ತಿ ಪಕ್ಕದ ಹೊಂಗೆ ಮರದಡಿ ಇಟ್ಟು, "ಬೇಗ ಕರ್ಕೊಂಡ್ ಬಾರಮ್ಮ" ಎಂದ.

ಅವತ್ತು ಆ ಗಾಡಿ ಓಡಿದ ಓಟಕ್ಕೆ ಅದರ ಹೊಗೆ ಮಾರನೇ ದಿನ ಹೊಸೂರು ಮುಟ್ಟಿತಂತೆ. ತಾಯಿ, ಮಗು ಇಬ್ಬರೂ ಉಳಿದರು.

ನಾರಾಯಣಮ್ಮ ಊರಿಗೆ ಬಂದು ಗುಂಡು ತರಲು ಹೋದರೆ ಅದರ ಕೊರಳಲ್ಲಿ ಹಾರ! ಅಷ್ಟರಲ್ಲಾಗಲೇ ದಿನದ ಗಾಡಿ ಅಲ್ಲಿ ನಿಂತು ತೆಂಗಿನಕಾಯಿ ಒಡೆಯುತ್ತಿತ್ತು. ಕಾಯಿ ಒಡೆಯುವಷ್ಟರಲ್ಲಿ ಊರೆಲ್ಲ ಹತ್ತುತ್ತಿತ್ತು. ಗುಂಡು ಕೀಳಿಸಲು ಬಂದ ರೈಲ್ವೆ ಸಾಹೇಬರೂ ಬೂಟು ಬಿಚ್ಚಿ ಕೈಮುಗಿದು, ಹೋದ ಮೇಲೆ ಅಲ್ಲೊಂದು ನಿಲುಗಡೆಯ ಬೋರ್ಡು ನೆಡಿಸಿದರು. ನಾರಾಯಣಮ್ಮ ಮಾತ್ರ ಇವತ್ತಿಗೂ ಚಟ್ನಿ ರುಬ್ಬಲು ಮುನಿಶಾಮಪ್ಪನ ಮನೆಗೆ ಹೋಗುತ್ತಾಳೆ. ದೇವರಾದದ್ದನ್ನು ವಾಪಸ್ಸು ಕೇಳುವುದು ಹೇಗೆ?

ಅಗೋ, ಗಾಡಿ ನಿಧಾನವಾಯಿತು. ಹೊಂಗೆ ಮರ ಬರುವುದು ನೀವು ಕುಳಿತ ಕಡೆಗೇ. ಕಿಟಕಿ ಪಕ್ಕ ಕುಳಿತೇ ಕೈಮುಗಿಯಬೇಕೆಂದು ಕಟ್ಟಳೆ. ಸ್ವಲ್ಪ ಎದ್ದು ಈಚೆಗೆ ಬನ್ನಿ, ನಾನಲ್ಲಿ ಕೂರುತ್ತೇನೆ. ಹಾಂ, ಹೊಸೂರಿನವರೆಗೂ ಕೈಮುಗಿಯುವುದಿದೆ.