ಸಾಂಟಿಗಿ ಕರೆಯುತ್ತಿದ್ದ ಸಾಲು

ಮೊದಲ ಸಲಿಕೆ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದೊಡನೆ ಹಾಡು ಏಳಬೇಕಿತ್ತು. ಏಳಲಿಲ್ಲ. ಸಲಿಕೆ ಹಿಡಿದಿದ್ದ ಗಂಡಸರು ಬಗ್ಗಿದಲ್ಲಿಂದಲೇ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರ ಕಣ್ಣೂ ಗುಂಡಿಯೊಳಕ್ಕೆ ಇಳಿಯಿತು. ಇಷ್ಟು ವರ್ಷ ಇಂಗ್ಲಿಷರ ನಾಡಿನ ಫೆಲ್ಥಮ್‌ನಲ್ಲಿ ತಮ್ಮವರು ಯಾರು ತೀರಿಕೊಂಡರೂ ಈ ಹೊತ್ತಿಗೆ ಹಾಡು ಎತ್ತಿಕೊಡುತ್ತಿದ್ದ ಸಾಂಟಿಗಿಯೇ ಅಲ್ಲಿ ಮಲಗಿದ್ದ.

ಸಾಂಟಿಗಿಯ ಹೆಂಡತಿ ಮರ್ಲಿನ್ ಟ್ರಿನಿಡಾಡ್ ದ್ವೀಪದವಳು. ಅವಳ ಜನ ಗುಂಡಿ ಮುಚ್ಚುವುದನ್ನು ಸ್ಮಶಾನದ ಆಳುಗಳಿಗೆ ಬಿಡುವುದಿಲ್ಲ. ಬಂದ ಗಂಡಸರೇ ಕೋಟು ಕಳಚಿ ಮಣ್ಣೆಳೆಯಬೇಕು, ನೆಲ ಸಮವಾಗುವ ತನಕ ಒಬ್ಬರು ಎತ್ತಿಕೊಟ್ಟ ಹಾಡನ್ನು ಉಳಿದವರು ಹಾಡಬೇಕು. ನಡುವೆ ಹಾಡು ಕಡಿದರೆ ಹೋದವರು ದಾರಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಾರಂತೆ. ಆಚೆ ಮರದಡಿಯಲ್ಲಿ ಕೌನ್ಸಿಲ್‌ನ ಮಣ್ಣು ತಳ್ಳುವ ಯಂತ್ರ ಕಾಯುತ್ತಿತ್ತು. ಇವರು ಕೈಚೆಲ್ಲಿದರೆ ಅದು ಬಂದೇ ಬರುತ್ತದೆ.

ಮರ್ಲಿನ್ ಪಕ್ಕದಲ್ಲಿ ನಿಂತಿದ್ದ ಇಜಾಬೆಲಳ ಮೊಣಕೈ ಹಿಡಿದುಕೊಂಡಳು. "ನೀನು ಎತ್ತಿಕೊಡು. ಅವನ ಹಾಡು ಮೊದಲಿನಿಂದ ಕೊನೆತನಕ ಗೊತ್ತಿರುವವಳು ನೀನೊಬ್ಬಳೇ."

ಗೊತ್ತಿತ್ತು ನಿಜ. ಆದರೆ ಉಡುಪಿ ಕಡೆಯಿಂದ ಬಂದ ಇಜಾಬೆಲ್ ಅವನ ಬೆನ್ನ ಹಿಂದೆ ನಿಂತು ಸೊಲ್ಲು ಸೇರಿಸಿದವಳೇ ಹೊರತು ಒಂದು ಸಾಲನ್ನಾದರೂ ಒಬ್ಬಳೇ ಹಾಡಿದವಳಲ್ಲ. ಗಂಡ ಮಾರ್ಸೆಲ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಆಗುದಿಲ್ಲ ಅಂತ ಹೇಳಿಬಿಡು ಮಾರಾಯ್ತಿ. ಚರ್ಚ್‌ನಲ್ಲಿ ಓದ್ಲಿಕ್ಕೆ ಕರೆದ್ರೇ ನಿನ್ನ ಕಾಲು ನಡುಗ್ತದೆ."

ಗುಂಡಿಯ ಆ ಬದಿಯಲ್ಲಿ ಸಾಂಟಿಗಿಯ ತಮ್ಮ ಬ್ರಿಮಾ ಸಲಿಕೆ ಊರಿ ನಿಂತಿದ್ದ. ಯುದ್ಧ ಮುಗಿದ ತಮ್ಮ ಊರು ಫ್ರೀಟೌನ್‌ನಿಂದ ಹೋದ ವಾರವಷ್ಟೇ ಬಂದವನು. ಬಂದಾಗಿನಿಂದ ಅವನ ದೂರು ಒಂದೇ: ಅಣ್ಣ ಇಲ್ಲಿ ಹಾಡಿಕೊಂಡು, ಕುಣಿದುಕೊಂಡು ಸುಖವಾಗಿದ್ದ, ಮನೆಯವರನ್ನು ಮರೆತ, ಅಮ್ಮ ಹೋದಾಗಲೂ ಬರಲಿಲ್ಲ.

"ನಮ್ಮಲ್ಲಿ ಸತ್ತವನ ಹೆಸರು ಕರೆಯುವವರು ರಕ್ತಸಂಬಂಧಿಗಳು," ಎಂದ. "ಈಕೆ ಅವನಿಗೆ ಏನಾಗಬೇಕು?"

"ಹಾಗಾದರೆ ನೀನೇ ಕರೆ," ಎಂದಳು ಮರ್ಲಿನ್.

ಬ್ರಿಮಾ ಸಲಿಕೆಯ ತುದಿಯಿಂದ ಮಣ್ಣು ಕೆದಕಿದ. ಹಾಡು ಅವನ ತಾಯಿಯದೇ. ಆದರೆ ಅಣ್ಣ ಅದಕ್ಕೆ ಹೆಂಡತಿಯ ದ್ವೀಪದ ಕುಣಿತದ ತಾಳ ಕಟ್ಟಿದ ಮೇಲೆ ಎಲ್ಲಿ ದನಿ ಸೇರಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

* * *

ತೊಂಬತ್ತೈದನೇ ಇಸವಿ. ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ಇಜಾಬೆಲ್ ಆಗಷ್ಟೇ ಸೇರಿದ್ದಳು. ತಲೆಗೆ ಬಲೆ, ಕೈಗೆ ಗವಸು. ಓಡುವ ಪಟ್ಟಿಯ ಮೇಲೆ ತಟ್ಟೆಗಳು ಸಾಲುಗಟ್ಟಿ ಹೋಗುತ್ತಿದ್ದವು. ಎದುರಿಗೆ ನಿಂತು ಬ್ರೆಡ್ಡು ಇಡುತ್ತಿದ್ದ ದಪ್ಪ ಮನುಷ್ಯ ಇದ್ದಕ್ಕಿದ್ದಂತೆ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದ. ಮತ್ತೆ ಅದೇ ಸಾಲು, ಮತ್ತೆ ಅದೇ ಬಿಡುವು.

ಆ ಬಿಡುವು ಇಜಾಬೆಲಳಿಗೆ ತಡೆಯಲಾಗುತ್ತಿರಲಿಲ್ಲ. ಶಿರ್ವದ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಅಜ್ಜಿ ಒಬ್ಬೊಬ್ಬ ಸಂತರ ಹೆಸರು ಕರೆಯುತ್ತಿದ್ದರು. ಮಕ್ಕಳು ಉತ್ತರ ಕೊಡಬೇಕಿತ್ತು. ಯಾರಾದರೂ ತೂಕಡಿಸಿ ಸೊಲ್ಲು ತಪ್ಪಿಸಿದರೆ ಅಜ್ಜಿ, 'ಪಾಪ, ಆ ಸಂತರು ರಾತ್ರಿಯಿಡೀ ಅಂಗಳದಲ್ಲೇ ನಿಂತಿರುತ್ತಾರೆ, ಒಳಗೆ ಕರೆಯುವವರಿಲ್ಲ' ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆ ಯಾವ ಮಗುವಿಗೆ ನಿದ್ದೆ ಬಂದೀತು?

ಒಂದು ದಿನ ತನಗರಿವಿಲ್ಲದೆಯೇ ಅವಳು ಆ ಬಿಡುವಿನಲ್ಲಿ ಅರ್ಥವಾಗದ ಭಾಷೆಯನ್ನು ಅಂದಾಜಿನಲ್ಲಿ ತಿರುಗಿ ಹಾಡಿಬಿಟ್ಟಳು. ಸಾಂಟಿಗಿಯ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಬರಿ ತಟ್ಟೆಗಳು ಮುಂದೆ ಹೋದವು.

ಅದು ಭತ್ತದ ಗದ್ದೆಯ ಹಾಡೆಂದು ಅವನು ಕ್ಯಾಂಟೀನಿನಲ್ಲಿ ವಿವರಿಸಿದ. ಬಗ್ಗಿ ಕೊಯ್ಯುವಾಗ ತಲೆಮಟ್ಟ ಮೀರುವ ಪೈರಿನೊಳಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಬ್ಬಳು ಕರೆಯುತ್ತಾಳೆ, ಉಳಿದವರು 'ಇದ್ದೇವೆ, ಇಲ್ಲೇ ಇದ್ದೇವೆ' ಎನ್ನುತ್ತಾರೆ. ಮರ್ಲಿನ್‌ಳನ್ನು ಮದುವೆಯಾದ ಮೇಲೆ ಆ ಕರೆಯೊಳಗೆ ಅವಳ ದ್ವೀಪದವರಂತೆ ನೆರೆಹೊರೆಯವರ ಗುಟ್ಟನ್ನೂ ಗೇಲಿಯನ್ನೂ ತುಂಬಲು ಕಲಿತನಂತೆ. ಶನಿವಾರಗಳಲ್ಲಿ ಮದುವೆ, ನಾಮಕರಣ ಎಂದು ಬಾಡಿಗೆ ಹಾಲ್‌ಗಳಲ್ಲಿ ಹಾಡಿದ. ಇಜಾಬೆಲ್ ಹಿಂದೆ ನಿಂತಳು. ಒಮ್ಮೆ ಒಂದು ಕ್ಯಾಸೆಟ್ ಬಂತು, ಯಾರೂ ಕೇಳಲಿಲ್ಲ. ಸೋಮವಾರ ಮತ್ತೆ ಬ್ರೆಡ್ಡು.

* * *

ಮರದಡಿಯ ಯಂತ್ರ ಗುರ್ರೆಂದಿತು. ಸಾಂಟಿಗಿ ಅಂಗಳದಲ್ಲೇ ನಿಂತಿದ್ದಾನೆ ಎನಿಸಿತು ಇಜಾಬೆಲಳಿಗೆ. ಕಣ್ಣು ಮುಚ್ಚಿಕೊಂಡು, ಅವನದೇ ಒಡಕು ಇಂಗ್ಲಿಷಿನಲ್ಲಿ, ಅವನ ಧಾಟಿಯಲ್ಲಿ ಎತ್ತಿಕೊಂಡಳು:

"ಆಕಾಶದವರಿಗೆಲ್ಲ ಊಟ ಕಟ್ಟಿದ ಸಾಂಟಿಗಿ, ವಿಮಾನ ಹತ್ತಲು ಹೆದರಿದ ಸಾಂಟಿಗಿ!"

ಯಾರೋ ನಕ್ಕರು. "ಇದ್ದೇವೆ, ಇಲ್ಲೇ ಇದ್ದೇವೆ," ಎಂದವು ನಲವತ್ತೈವತ್ತು ಕೊರಳುಗಳು. ಮಣ್ಣು ಬೀಳತೊಡಗಿತು.

"ಹೆಂಡತಿಯ ಅಡುಗೆಗೆ ಉಪ್ಪು ಸಾಲದು ಎಂದ ಸಾಂಟಿಗಿ, ವಾರವಿಡೀ ಬ್ರೆಡ್ಡು ತಿಂದ ಸಾಂಟಿಗಿ!"

ಮರ್ಲಿನ್ ಅಳುತ್ತಲೇ, "ನಿಜ, ಅವನಿಗೆ ಹಾಗೇ ಆಗಬೇಕಿತ್ತು," ಎಂದಳು.

ಸಾಲಿನ ಮೇಲೆ ಸಾಲು ಬಂತು. ಅವನು ತೊಟ್ಟ ಹಳದಿ ಬೂಟು, ಬಸ್ಸಿನಲ್ಲಿ ಮರೆತು ಬಂದ ಗಿಟಾರು. ಆಮೇಲೆ, ಯೋಚಿಸದೆಯೇ, ಇನ್ನೊಂದು:

"ಯುದ್ಧದ ವರ್ಷ ಫೋನ್ ಬೂತಿನಲ್ಲೇ ನಿಂತ ಸಾಂಟಿಗಿ, ಬ್ರಿಮಾ ಎಲ್ಲಿ, ಅಮ್ಮ ಎಲ್ಲಿ ಎಂದ ಸಾಂಟಿಗಿ!"

ಬ್ರಿಮಾನ ಸಲಿಕೆ ನಿಂತಿತು. ಅವನು ಮರ್ಲಿನ್ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಊಟದ ಬಿಡುವಿನಲ್ಲೆಲ್ಲ ಹೋಗಿ ನಿಲ್ಲುತ್ತಿದ್ದ, ಆ ಕಡೆ ಲೈನೇ ಇರುತ್ತಿರಲಿಲ್ಲ ಎಂದಳು. ಜನ ಮಾತ್ರ ಬಿಡದೆ ಹಾಡುತ್ತಿದ್ದರು, ಇದ್ದೇವೆ, ಇಲ್ಲೇ ಇದ್ದೇವೆ.

ಗುಂಡಿ ಇನ್ನೂ ಮೊಣಕಾಲಿನಷ್ಟು ಬಾಕಿಯಿತ್ತು. ಕರೆಯ ಸರದಿ ಮತ್ತೆ ಇಜಾಬೆಲಳ ಬಳಿಗೆ ಬಂತು. ಬಾಯಿ ತೆರೆದಳು. ಹೇಳುವುದೆಲ್ಲ ಮುಗಿದಿತ್ತು. ಮಾರ್ಸೆಲ್ ಅವಳ ಬೆನ್ನಿಗೆ ಕೈಯಿಟ್ಟ. ಸಾಲಿನ ಜಾಗ ಖಾಲಿಯಾಗಿ ಹರಿದುಹೋಗುತ್ತಿತ್ತು, ಮರದಡಿ ಆಳುಗಳು ಇತ್ತ ತಿರುಗಿದರು.

ಆಗ ಬ್ರಿಮಾ ಬಗ್ಗಿದ. ಕೆಂಪು ಜೇಡಿಯ ದೊಡ್ಡ ಹೆಂಟೆಯನ್ನು ಎತ್ತಿ, ಹಾಡಿನಲ್ಲಿ ಅಣ್ಣ ಕರೆಯುತ್ತಿದ್ದ ಜಾಗಕ್ಕೆ ಸರಿಯಾಗಿ, ಧಪ್ಪೆಂದು ಹಾಕಿದ.

"ಇದ್ದೇವೆ," ಎಂದರು ಎಲ್ಲರೂ, "ಇಲ್ಲೇ ಇದ್ದೇವೆ."

ಅವನು ಮುಂದಿನ ಸಲಿಕೆ ತುಂಬಿಕೊಂಡು, ಎತ್ತಿ ಹಿಡಿದು, ಕರೆಯ ಸರದಿಗಾಗಿ ಕಾದ.