ಅತ್ತೆ ಕೈ ಎತ್ತುವ ತನಕ

ಈಚೆಗೆ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದೇ ದೂರು. ಕಾಲುವೆ ದಂಡೆಯ ದಾರಿಯಲ್ಲಿ ಬ್ಯಾಟರಿ ಸೈಕಲ್‌ಗಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತವೆ, ಪಕ್ಕಕ್ಕೆ ಬಂದ ಮೇಲೇ ಗೊತ್ತಾಗುವುದು ಅಂತ. ನಡೆಯುವವರು ಸೈಕಲ್‌ನವರನ್ನು ಬೈಯುತ್ತಾರೆ, ಸೈಕಲ್‌ನವರು ನಡೆಯುವವರನ್ನು ಬೈಯುತ್ತಾರೆ. ನಾನು ಸೈಕಲ್‌ನವಳು. ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ.

ನಮ್ಮದು ಬೇಕರಿ. ಗಂಡ ಒಲೆಯ ಮುಂದೆ, ನಾನು ಸೈಕಲ್ ಮೇಲೆ. ನನ್ನ ಬ್ಯಾಟರಿ ಸೈಕಲ್‌ಗೆ ಮುಂದುಗಡೆ ದೊಡ್ಡ ಮರದ ಪೆಟ್ಟಿಗೆ ಇದೆ, ಅದರ ತುಂಬ ಬ್ರೆಡ್ಡು. ಪೆಡಲ್ ತುಳಿಯಲೇಬೇಕು, ಆದರೆ ತುಳಿದಾಗ ಯಾರೋ ಹಿಂದಿನಿಂದ ತಳ್ಳಿಕೊಟ್ಟ ಹಾಗೆ ಮೋಟಾರು ಜೊತೆಗೂಡುತ್ತದೆ. ಹಳೇ ಸೈಕಲ್‌ನಲ್ಲಿ ಸೇತುವೆ ಏರುವಷ್ಟರಲ್ಲಿ ನನ್ನ ಉಸಿರು ಕಟ್ಟುತ್ತಿತ್ತು. ಈಗ ಬ್ರೆಡ್ಡು ಆರುವ ಮೊದಲೇ ಆಚೆ ದಡದ ಅಂಗಡಿಗಳಿಗೆ ಮುಟ್ಟಿಸಿ ವಾಪಸ್ ಬಂದಿರುತ್ತೇನೆ. ಹೊಸತರಲ್ಲಿ ನನಗೆ ಕೊಂಬು ಬಂದಿತ್ತು ಎಂದು ಗಂಡ ಇಂದಿಗೂ ಅಣಕಿಸುತ್ತಾನೆ. ಬಂದಿದ್ದು ನಿಜ.

ನನ್ನ ಅತ್ತೆ ಮೂವತ್ತೊಂದು ವರ್ಷ ನೇಯ್ಗೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು. ಆ ಸದ್ದಿಗೆ ಅವರ ಕಿವಿ ಮಂದವಾಗಿದೆ. ಗಿರಣಿಯೊಳಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಯಾರಾದರೂ ಕರೆದ ಹಾಗೆ ಅನಿಸಿದರೆ ಪೂರ್ತಿ ತಿರುಗಿ, ಒಂದು ಹೆಜ್ಜೆ ಹತ್ತಿರ ಹೋಗಿ, ತುಟಿ ನೋಡಿ ಮಾತು ತಿಳಿದುಕೊಳ್ಳುವುದು ಅಲ್ಲಿಯ ಹೆಂಗಸರ ರೂಢಿ. ಅದು ಇನ್ನೂ ಬಿಟ್ಟಿಲ್ಲ. ನಾನು ಅಡುಗೆಮನೆಯಿಂದ ಕೂಗಿದರೆ ಅತ್ತೆ ಬಂದು ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು "ಏನೇ?" ಅನ್ನುತ್ತಾರೆ.

ಆರು ತಿಂಗಳ ಹಿಂದೆ ಅವರ ಮಂಡಿಗೆ ಆಪರೇಷನ್ ಆಯಿತು. "ದಿನಾ ನಡೀಬೇಕು, ಬಿಟ್ಟರೆ ಮಂಡಿ ಮತ್ತೆ ಬಿಗಿದುಕೊಳ್ಳುತ್ತೆ" ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಬೆಳಿಗ್ಗೆ ಏಳಕ್ಕೆಲ್ಲ ಅತ್ತೆ, ಅವರ ಗಿರಣಿಯ ಗೆಳತಿಯರು ಮೂವರು, ಒಟ್ಟು ನಾಲ್ವರು ಕಾಲುವೆ ದಾರಿಗೆ ಇಳಿಯುತ್ತಿದ್ದರು. ಸಾಲಾಗಿ, ಕೈಗೆ ಕೈ ಸೇರಿಸಿ, ದಾರಿಗೆ ಬಾಗಿಲು ಹಾಕಿದ ಹಾಗೆ ನಡೆಯುತ್ತಿದ್ದರು.

ಒಂದು ದಿನ ನನಗೆ ತಡವಾಗಿತ್ತು. ತಿರುವು ದಾಟಿದರೆ ಎದುರಿಗೇ ನಾಲ್ಕು ಬೆನ್ನು. ಹತ್ತಿರಕ್ಕೆ ಹೋಗಿ ಬೆಲ್ ಹೊಡೆದೆ. ಬೆಲ್ ಕೇಳಿದ ಒಬ್ಬರು ಪಕ್ಕದ ಇಬ್ಬರನ್ನು ಎಳೆದುಕೊಂಡು ಆಚೆಗೆ ಸರಿದರು. ಅತ್ತೆ ಮಾತ್ರ ಪೂರ್ತಿ ತಿರುಗಿ, ಸರಿಯಾಗಿ ನನ್ನ ಚಕ್ರದ ಮುಂದಕ್ಕೇ ಒಂದು ಹೆಜ್ಜೆ ಇಟ್ಟರು!

ಬ್ರೇಕ್ ಹಿಡಿದೆ. ತುಂಬಿದ ಪೆಟ್ಟಿಗೆ, ನಿಲ್ಲಲಿಲ್ಲ. ಹ್ಯಾಂಡಲ್ ತಿರುಗಿಸಿ ಬೇಲಿಗೆ ನುಗ್ಗಿಸಿದೆ. ಬ್ರೆಡ್ಡೆಲ್ಲ ಬೇಲಿಯಾಚೆ ಹಾರಿತು. ಪೆಟ್ಟಿಗೆಯ ಮೂಲೆ ತಾಗಿ ಅತ್ತೆ ಕೂತುಬಿಟ್ಟರು. ಮೊಣಕೈ ತರಚಿತ್ತು ಅಷ್ಟೆ. ಆದರೆ ಅವರ ಮುಖ ಬಿಳಿಚಿಕೊಂಡಿದ್ದು ನೋಡಿ ನನಗೆ ಅಳು ಬಂತು. ಅಳು ಬಂದಾಗ ಸುಮ್ಮನಿರುವ ಜಾಯಮಾನ ನನ್ನದಲ್ಲ, ಜಗಳಕ್ಕಿಳಿದೆ.

"ಬೆಲ್ ಹೊಡೆದೆನಲ್ಲ ಅತ್ತೆ! ಯಾಕೆ ಅಡ್ಡ ಬಂದಿರಿ?"

"ಕರೆದ ಹಾಗಾಯ್ತು ಕಣೇ. ತಿರುಗಿದೆ" ಎಂದರು ಅತ್ತೆ.

ಮಗನಿಗೆ ಅವರು ಹೇಳಿದ್ದು ಬೇರೆ. "ಕಾಲು ಜಾರಿತು, ಬಿದ್ದೆ." ಗೆಳತಿಯರ ಬಾಯಿಗೂ ಬೀಗ ಹಾಕಿಸಿದ್ದರು. ಗಂಡ ನನಗೆ, "ಅಮ್ಮನ ಚಪ್ಪಲಿ ಸವೆದಿದೆ, ಹೊಸದು ತಂದುಕೊಡು" ಎಂದ. ನಾನು ತಲೆ ತಗ್ಗಿಸಿಕೊಂಡು ತಂದುಕೊಟ್ಟೆ. ಅತ್ತೆ ಅದನ್ನು ಹಾಕಿಕೊಳ್ಳಲಿಲ್ಲ, ನಡೆಯಲು ಹೊರಡಲೂ ಇಲ್ಲ. "ಆ ದಾರಿ ಇನ್ನು ನಮ್ಮಂಥವರಿಗಲ್ಲ ಬಿಡು" ಎಂದು ಕಿಟಕಿ ಪಕ್ಕ ಕೂತರು. ಎಂಟನೆಯ ದಿನ ನೋಡುತ್ತೇನೆ, ಮೆಟ್ಟಿಲನ್ನು ಒಂದೊಂದಾಗಿ ಕೂತುಕೊಂಡೇ ಇಳಿಯುತ್ತಿದ್ದಾರೆ. ಮಂಡಿ ಬಿಗಿಯತೊಡಗಿತ್ತು. ನನ್ನ ಮಾನ ಉಳಿಸಿದವರು ನನ್ನಿಂದಲೇ ಕಾಲು ಕಳೆದುಕೊಳ್ಳುತ್ತಿದ್ದಾರೆ ಎಂದು ನನಗೆ ತಡೆಯದಷ್ಟು ಸಂಕಟವಾಯಿತು.

ಮರುದಿನ ಬ್ರೆಡ್ಡು ಕೊಳ್ಳಲು ಸೀಟಿ ಅಕ್ಕ ಬಂದರು. ಕಾಲುವೆ ದಾರಿಯ ಉಸ್ತುವಾರಿ ಅವರದು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಊದಿದ್ದನ್ನು ಯಾರೂ ಕಂಡಿಲ್ಲ. ಅವರ ಮುಂದೆ ನಾನು ಎಲ್ಲ ತೋಡಿಕೊಂಡೆ.

"ಬೆಲ್ ಹೊಡೆದೆ ಅಕ್ಕ. ಇನ್ನೇನು ಮಾಡಬೇಕಿತ್ತು ನಾನು?"

"ಎಲ್ಲಿಂದ ಹೊಡೆದೆ?"

"ಹಿಂದಿನಿಂದ."

"ಹಿಂದಿನಿಂದ ಅಂತ ಗೊತ್ತು ಮಾರಾಯ್ತಿ. ಎಷ್ಟು ದೂರದಿಂದ?"

ನಾನು ಎರಡು ತೋಳು ಅಗಲಿಸಿ ತೋರಿಸಿದೆ. "ಸಂಜೆ ಸೈಕಲ್ ತಗೊಂಡು ಬಾ, ಪೆಟ್ಟಿಗೆ ತುಂಬಿಸ್ಕೊಂಡು ಬಾ. ಅತ್ತೇನೂ ಕರ್ಕೊಂಡು ಬಾ" ಎಂದರು.

ಅತ್ತೆ ಒಪ್ಪುತ್ತಾರೆಯೇ? ಸೀಟಿ ಅಕ್ಕ ಸೀದಾ ಒಳಗೆ ಹೋಗಿ, ಅವರೆದುರು ನಿಂತು, "ನೀವು ನಡೆಯೋದು ಬೇಡ. ಬೆಂಚಿನ ಮೇಲೆ ಕೂತು ನಿಮ್ಮ ಸೊಸೆಗೆ ಪಾಠ ಆಗೋದು ನೋಡಿ ಸಾಕು" ಎಂದರು. ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಕಾಲುವೆ ದಂಡೆಯಲ್ಲಿ ಸೀಟಿ ಅಕ್ಕ ನನ್ನ ಕಿವಿಗೆ ಹತ್ತಿ ತುರುಕಿದರು, ಮೇಲೊಂದು ಉಣ್ಣೆ ಟೋಪಿ ಎಳೆದರು. "ಸುಮ್ಮನೆ ನಡಿ, ಹಿಂದೆ ನೋಡಬೇಡ" ಎಂದು ಸನ್ನೆ ಮಾಡಿದರು. ನಡೆದೆ. ನನ್ನದೇ ಸೈಕಲ್ ಹತ್ತಿ ಹಿಂದಿನಿಂದ ಬಂದು, ಪಕ್ಕದಲ್ಲೇ ಬೆಲ್ ಹೊಡೆದರು. ನಾನು ಹೌಹಾರಿ ಎಗರಿದೆ. ಎಗರಿದ್ದು ಅವರ ಕಡೆಗೇ! ಅವರು ಮೊದಲೇ ಸಿದ್ಧವಿದ್ದದ್ದರಿಂದ ಅಲ್ಲೇ ನಿಲ್ಲಿಸಿದರು.

"ಈ ಕಡೆಗೇ ಯಾಕೆ ಬಂದೆ?" ಎಂದರು, ನನ್ನ ಟೋಪಿ ಎತ್ತಿ ಹತ್ತಿ ತೆಗೆದು ನಗುತ್ತಾ.

"ಗೊತ್ತಿಲ್ಲ ಅಕ್ಕ. ಕರೆದ ಹಾಗಾಯ್ತು."

ನನ್ನ ಬಾಯಿಂದ ಬಂದದ್ದು ಅತ್ತೆಯದೇ ಮಾತು. ಕಿವಿ ಕೆಂಪಾಯಿತು.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಹಿಡಿ." ನನ್ನ ದಿನದ ವೇಗದಲ್ಲೇ ಬಂದು ಹಿಡಿದೆ. ನಾಲ್ಕು ಹೆಜ್ಜೆಯಲ್ಲಿ ನಿಲ್ಲುತ್ತೇನೆ ಎಂದುಕೊಂಡಿದ್ದೆ. ಎಣಿಸಿದರೆ ಒಂಬತ್ತು!

"ಬ್ಯಾಟರಿ ತೂಕ, ಪೆಟ್ಟಿಗೆ ತೂಕ, ನಿನ್ನ ತೂಕ. ಮೋಟಾರು ತಳ್ಳೋದರಿಂದ ಇದ್ಯಾವುದೂ ನಿನ್ನ ಕಾಲಿಗೆ ಗೊತ್ತಾಗಲ್ಲ. ಬ್ರೇಕಿಗೆ ಗೊತ್ತಾಗುತ್ತೆ. ಅದಕ್ಕೇ ಜನ ಕಂಡ ಕೂಡಲೇ ಮೋಟಾರಿನ ಜೋರು ಇಳಿಸು, ದೂರದಲ್ಲೇ ಬೆಲ್ ಹೊಡಿ, ಯಾವ ಬದಿಯಿಂದ ಬರ್ತೀಯ ಅಂತ ಬಾಯಿಬಿಟ್ಟು ಹೇಳು."

"ಹೇಳಿದರೂ ಕೇಳಿಸದಿದ್ದರೆ?"

ಉತ್ತರ ಬಂದದ್ದು ಬೆಂಚಿನ ಮೇಲಿಂದ. ಅತ್ತೆ ನಮ್ಮಿಬ್ಬರ ತುಟಿಯನ್ನೇ ನೋಡುತ್ತಿದ್ದರು.

"ಕೇಳಿಸದಿದ್ದರೆ ಕಾಯಬೇಕು. ಗಿರಣಿಯಲ್ಲಿ ನೂಲಿನ ಗಾಡಿ ಬರ್ತಿರಲಿಲ್ವಾ? ಎರಡು ಮಗ್ಗದ ಮಧ್ಯೆ ಇಷ್ಟೇ ಇಷ್ಟು ಜಾಗ. ಗಾಡಿಯವಳು ಗಂಟೆ ಹೊಡೀತಿರಲಿಲ್ಲ, ಹೊಡೆದರೂ ಯಾರಿಗೆ ಕೇಳಬೇಕು? ದೂರದಲ್ಲೇ ನಿಲ್ಲೋಳು. ಅವಳನ್ನ ಕಂಡವಳು ಪಕ್ಕದವಳ ಭುಜಕ್ಕೆ ಎರಡು ಸಲ ತಟ್ಟೋಳು. ತಟ್ಟಿದರೆ ಅಲ್ಲಾಡೋ ಹಾಗಿಲ್ಲ, ತಿರುಗೋ ಹಾಗಿಲ್ಲ. ನಾವು ಕೈ ಎತ್ತಿದ ಮೇಲೇ ಗಾಡಿ ಹೊರಡೋದು. ಮೂವತ್ತೊಂದು ವರ್ಷ, ಒಬ್ಬಳ ಕಾಲ ಮೇಲೂ ಗಾಡಿ ಹತ್ತಲಿಲ್ಲ."

ಸೀಟಿ ಅಕ್ಕ ಬಾಯಿ ಬಿಟ್ಟುಕೊಂಡು ನಿಂತರು. "ಪಾಠ ಹೇಳೋಕೆ ನಾನು ಯಾಕೆ ಬೇಕಿತ್ತು? ಟೀಚರು ನಿಮ್ಮ ಮನೇಲೇ ಇದ್ದಾರಲ್ಲೇ!"

"ಆದರೆ ತಪ್ಪು ನಮ್ಮದೂ ಇದೆ" ಎಂದರು ಅತ್ತೆ. "ಮಗ್ಗದ ಮಧ್ಯೆ ನಾಲ್ಕು ಜನ ಸಾಲಾಗಿ ನಿಂತಿದ್ದರೆ ಮೇಸ್ತ್ರಿ ಮೂಲೆಗೆ ನಿಲ್ಲಿಸ್ತಿದ್ದ."

ಆ ರಾತ್ರಿ ಊಟಕ್ಕೆ ಕೂತಾಗ ನಾನು ಗಂಡನಿಗೆ ನಿಜ ಹೇಳಲು ಬಾಯಿ ತೆರೆದೆ. ಅತ್ತೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ತುಳಿದರೂ ಹೇಳಿಬಿಟ್ಟೆ. ಅವನು ಊಟ ಬಿಟ್ಟು ನನ್ನನ್ನೇ ನೋಡಿದ. "ಏನು ನೋಡ್ತೀಯ?" ಎಂದು ಅತ್ತೆ ಅವನನ್ನೇ ಗದರಿದರು. "ಬೇಲಿಗೆ ನುಗ್ಗಿ ನನ್ನ ಉಳಿಸಿದ್ದೂ ಅವಳೇ. ತಟ್ಟೆ ನೋಡ್ಕೊಂಡು ತಿನ್ನು."

ಮರುದಿನ ಬೆಳಿಗ್ಗೆ ಏಳಕ್ಕೆ ತಿರುವಿನಲ್ಲಿ ನಿಧಾನ ಮಾಡಿದೆ. ದೂರದಲ್ಲಿ ನಾಲ್ಕು ಬೆನ್ನು. ಆದರೆ ಈ ಸಲ ಇಬ್ಬರು ಮುಂದೆ, ಇಬ್ಬರು ಹಿಂದೆ, ಕಾಲುವೆ ಬದಿಗೆ. ಹಿಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಅವರ ಗೆಳತಿ ಕ್ಯಾಂಟೀನ್ ಅಕ್ಕ. ಗಿರಣಿಯ ಅಡುಗೆ ಕೋಣೆಯಲ್ಲಿ ಕೆಲಸ ಮಾಡಿದವರು, ನಾಲ್ವರಲ್ಲಿ ಕಿವಿ ನೆಟ್ಟಗಿರುವುದು ಅವರೊಬ್ಬರದೇ. ಮೋಟಾರಿನ ಜೋರು ಇಳಿಸಿದೆ. ಮೂವತ್ತು ಹೆಜ್ಜೆ ದೂರದಿಂದ ಬೆಲ್ ಹೊಡೆದೆ. "ಬೇಲಿ ಬದಿಯಿಂದ ಬರ್ತಿದ್ದೀನಿ!" ಎಂದು ಕೂಗಿದೆ.

ಕ್ಯಾಂಟೀನ್ ಅಕ್ಕ ಅತ್ತೆಯ ಭುಜಕ್ಕೆ ಎರಡು ಸಲ ತಟ್ಟಿದರು. ಅತ್ತೆ ತಿರುಗಲಿಲ್ಲ. ನಾನು ಒಂದು ಕಾಲು ನೆಲಕ್ಕೆ ಊರಿ ಕಾದೆ. ಬೇಕೆಂದೇ ಕಾಯಿಸಿದರು, ಅದು ನನಗೆ ಗೊತ್ತು. ಆಮೇಲೆ ಅವರ ಕೈ ಮೆಲ್ಲಗೆ ಮೇಲೆದ್ದಿತು.

ನಡಿಗೆಯ ವೇಗದಲ್ಲಿ ಪಕ್ಕದಿಂದ ದಾಟಿದೆ. "ಬ್ರೆಡ್ಡು ಆರುತ್ತೆ, ಹೋಗೇ" ಎಂದರು ಅತ್ತೆ, ಮುಂದೆ ನೋಡುತ್ತಲೇ. ಅಂಗಡಿಗೆ ತಲುಪುವುದು ಎಷ್ಟು ತಡವಾಯಿತು ಗೊತ್ತೇ? ಅಂಗಡಿಯವನಿಗೆ ಗೊತ್ತೇ ಆಗದಷ್ಟು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಇಂಥ ದಾರಿ ಇರುತ್ತದೆ. ನಡೆಯುವವರು, ಗಾಲಿಕುರ್ಚಿಯವರು, ನಾಯಿ ಹಿಡಿದವರು, ಸೈಕಲ್‌ನವರು ಎಲ್ಲರಿಗೂ ಅದೊಂದೇ. ಬ್ಯಾಟರಿ ಸೈಕಲ್ ತುಳಿಯುವವರೇ, ದೂರದಲ್ಲೇ ಬೆಲ್ ಹೊಡೆಯಿರಿ, ಜನರ ಹತ್ತಿರ ನಡಿಗೆಯ ವೇಗಕ್ಕೆ ಇಳಿಯಿರಿ. ಬೆಲ್ ಹೊಡೆದ ಮಾತ್ರಕ್ಕೆ ಕೇಳಿಸಿತು ಎಂದುಕೊಳ್ಳಬೇಡಿ. ತುಂಬಿದ ಸೈಕಲ್ ಎಷ್ಟು ಹೆಜ್ಜೆಗೆ ನಿಲ್ಲುತ್ತದೆ ಎಂದು ಜನರಿಲ್ಲದ ಜಾಗದಲ್ಲಿ ಒಮ್ಮೆ ಗೆರೆ ಎಳೆದು ನೋಡಿ. ನಡೆಯುವವರೇ, ಪೂರ್ತಿ ದಾರಿ ಹಿಡಿಯಬೇಡಿ. ಬೆಲ್ ಕೇಳಿದರೆ ಪಕ್ಕಕ್ಕೆ ಎಗರಬೇಡಿ, ನಿಮ್ಮ ಬದಿಯಲ್ಲೇ ಉಳಿದು ಕೈ ಎತ್ತಿ.

ನಿಮ್ಮ ಮುಂದೆ ನಡೆಯುತ್ತಿರುವ ಆ ಬೆನ್ನು ಯಾರದೋ ಮನೆಯ ಅತ್ತೆಯದು. ಕೈ ಎತ್ತುವ ತನಕ ಕಾಯಿರಿ.