ಅಳಿವೆ ದಾಟುವ ತನಕ ಮಾತಿಲ್ಲ

ಅತ್ತೆ ಮೂರು ದಿನ ದಾರಿಯ ಬಗ್ಗೆ ಬಾಯಿ ಬಿಡುವುದಿಲ್ಲ ಅಂದರೆ, ಕಡಲು ಮೂರು ದಿನ ಅಲೆ ನಿಲ್ಲಿಸುತ್ತೇನೆ ಅಂದ ಹಾಗೆ. ಮನೆಯಲ್ಲಿ ಯಾರೂ ನಂಬಲಿಲ್ಲ. ಹೊರಡುವ ಬೆಳಿಗ್ಗೆ ಮಾವ ಅವಳ ಜೇಬಿಗೆ ಪೆಪ್ಪರ್‌ಮೆಂಟಿನ ಪೊಟ್ಟಣವೊಂದನ್ನು ತುರುಕಿ, "ಬಾಯಿ ತುರಿಸಿದಾಗಲೆಲ್ಲ ಒಂದು ಹಾಕ್ಕೋ. ಮುಗಿದುಹೋದ್ರೆ ದೇವರೇ ಗತಿ," ಅಂದ.

"ನೀವೊಬ್ಬರು! ನಾನು ಬೇಕು ಅಂದ್ರೆ ಕಲ್ಲಿನ ಹಾಗೆ ಇರ್ತೀನಿ."

"ಹುಬ್ಬೂ ಲೆಕ್ಕಕ್ಕೆ ಬರುತ್ತೆ, ನೆನಪಿರಲಿ. ನಿನ್ನ ಹುಬ್ಬು ನಿನ್ನ ಬಾಯಿಗಿಂತ ಜಾಸ್ತಿ ಮಾತಾಡುತ್ತೆ."

ಅದಕ್ಕೇ ಅತ್ತೆ ಅಗಲ ಅಂಚಿನ ಟೋಪಿ ಹಾಕಿ, ಅದನ್ನು ಹುಬ್ಬು ಮುಚ್ಚುವಷ್ಟು ಕೆಳಗೆ ಎಳೆದುಕೊಂಡು ಹೊರಟಳು. ಮಾವ ಹಿಂದಿನ ರಸ್ತೆಯಲ್ಲಿ ಜೀಪು ಹತ್ತಿ ಕೊನೆಯ ತಂಗುಮನೆಗೆ ಅಡುಗೆಯ ಏರ್ಪಾಡಿಗೆ ಹೋದ.

ಈ ಕಟ್ಟಳೆಯನ್ನು ಬೇರೆ ಯಾರೂ ಹಾಕಿದ್ದಲ್ಲ, ಅತ್ತೆಯೇ ಹಾಕಿದ್ದು. ಕಡಲಂಚಿನ ಕಾಡಿನಲ್ಲಿ ಜನರನ್ನು ನಡೆಸಿಕೊಂಡು ಹೋಗುವ ಈ ಮೂರು ದಿನದ ದಾರಿಯನ್ನು ಪ್ರಾಯದಲ್ಲಿ ತುಳಿದು ಮಾಡಿದವಳೇ ಅವಳು. ಹೊಸ ಗೈಡ್ ಮೊದಲ ಸಲ ಸಾಲಿನ ಮುಂದೆ ನಿಂತಾಗ ಹಳೆಯ ಗೈಡ್ ಕೊನೆಯಲ್ಲಿ ಬರಬೇಕು. ಹಳಬರು ದಾರಿಯ ಬಗ್ಗೆ ಒಂದೇ ಒಂದು ಮಾತು ಆಡಬೇಕಾಗಿ ಬಂತೋ, ಹೊಸಬರಿಗೆ ಆ ವರ್ಷ ಸೀಟಿ ಇಲ್ಲ. ಅತ್ತೆಯ ಕೊರಳಲ್ಲಿ ತೂಗುವ ಹಿತ್ತಾಳೆಯ ಸೀಟಿ ಅದು; ಅದು ಯಾರ ಕೊರಳಲ್ಲೋ ಅವರ ಮಾತೇ ದಾರಿ. ಹಿಂದೊಮ್ಮೆ ಅವಳ ಮೈದುನ ಮುಂದೆ ನಡೆದಾಗ ಅತ್ತೆ ಎರಡನೆಯ ತಿರುವಿನಲ್ಲೇ "ಏಯ್, ಎಡಕ್ಕೆ!" ಎಂದು ಕೂಗಿದ್ದಳು. ಪಾಪ, ಅವನು ಇವತ್ತಿಗೂ ಜೀಪು ಓಡಿಸಿಕೊಂಡಿದ್ದಾನೆ.

ಈಗ ಮುಂದೆ ನಿಂತವಳು ಸೊಸೆ. ಕಡಲೇ ಕಾಣದ ಊರಿನಿಂದ ಮದುವೆಯಾಗಿ ಬಂದವಳು. ಮೊದಲ ವಾರ ಅಲೆ ಒಂದು ಹೆಜ್ಜೆ ಮುಂದೆ ಬಂದರೆ ತಾನು ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದಳು. ಮಗನಿಗಂತೂ ನಡಿಗೆ ಆಗದು. ತಂಗುಮನೆಯ ಸೋಲಾರ್ ಫಲಕ, ಪಂಪು, ಮಳೆನೀರಿನ ತೊಟ್ಟಿ, ಇಷ್ಟರಲ್ಲೇ ಅವನ ಲೋಕ ಮುಗಿಯಿತು. ಅತ್ತೆಯ ಮಂಡಿ ಮುಷ್ಕರ ಹೂಡಿದ ಮೇಲೆ ಹೊರಗಿನ ಗೈಡ್ ಒಬ್ಬ ಸೀಟಿ ಎರವಲು ಪಡೆದು ಎರಡು ವರ್ಷ ಜನರನ್ನು ನಡೆಸಿದ. ಸೊಸೆ ಅವನ ಸಾಲಿನ ಬಾಲವಾಗಿ ನಡೆದು ಕಲಿತಳು. ಅವನೂ ಬೆಟ್ಟದ ಕಡೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಇನ್ನು ಮಂಡಿಗೆ ಪಟ್ಟಿ ಬಿಗಿದು ಹಿಂದೆ ಹೊರಟ ಅತ್ತೆ ಈ ಸಲ ಬಾಯಿ ಬಿಟ್ಟಳೋ, ವರ್ಷವಿಡೀ ನಡಿಗೆಯೇ ಇಲ್ಲ. ಕಟ್ಟಳೆಯನ್ನು ಸ್ವಲ್ಪ ಸಡಿಲಿಸಬಾರದೇ ಎಂದು ಮಗ ಕೇಳಿದ್ದಕ್ಕೆ, "ಮೈದುನನಿಗೆ ಒಂದು, ಸೊಸೆಗೆ ಒಂದಾ?" ಎಂದು ಅವಳೇ ಗದರಿದ್ದಳು. ಆಮೇಲೆ ಒಳಗೆ ಹೋಗಿ, ಹಾಗೆ ಅನ್ನಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡಿದ್ದಳು.

ಮೊದಲ ದಿನ ಕಾಡಿನ ದಾರಿ. ಎಡಕ್ಕೆ ಮರಗಳು, ಬಲಕ್ಕೆ ಕೆಳಗೆಲ್ಲೋ ಕಡಲಿನ ಗೊಣಗು. ಕವಲು ಬಂದಲ್ಲೆಲ್ಲ ಸೊಸೆ ನಿಂತು, ಕತ್ತು ತಿರುಗಿಸಿ, ಸಾಲಿನ ಕೊನೆಯಲ್ಲಿದ್ದ ಟೋಪಿಯ ಕಡೆ ನೋಡುವಳು. ಅತ್ತೆ ತಟ್ಟನೆ ಟೋಪಿ ಕೆಳಗೆಳೆದು, ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕುವಳು. ಸೊಸೆ ಉಸಿರು ಬಿಟ್ಟು ಹೊರಡುವಳು. ದಾರಿ ಸರಿಯಾಗಿಯೇ ಹಿಡಿಯುತ್ತಿದ್ದಳು, ಅದರಲ್ಲಿ ಕುಂದಿರಲಿಲ್ಲ. ಆದರೆ ಆ ಹಿಂತಿರುಗಿ ನೋಡುವುದನ್ನು ಅತ್ತೆಗೆ ಸಹಿಸಲಾಗುತ್ತಿರಲಿಲ್ಲ. ಹಿಂದೆ ನೋಡುತ್ತ ನಡೆಯುವವಳ ಬೆನ್ನು ಹಿಡಿದು ಜನ ಎಷ್ಟು ದೂರ ಬಂದಾರು?

ನಡೆಯಲು ಬಂದವರಲ್ಲಿ ಹೊಸದಾಗಿ ಮದುವೆಯಾದ ಜೋಡಿ ಒಂದಿತ್ತು, ನಿವೃತ್ತಿಯಾದ ಟೀಚರಮ್ಮ ಒಬ್ಬರಿದ್ದರು, ಮತ್ತೊಬ್ಬ ಚಪ್ಪಲಿ ಅಂಗಡಿಯ ಸಾಹುಕಾರ. ತನ್ನ ಅಂಗಡಿಯ ಅತಿ ದುಬಾರಿ ಬೂಟು ಹಾಕಿ ಬಂದು, ಮೊದಲ ದಿನವೇ ಹಿಮ್ಮಡಿ ತರಚಿಸಿಕೊಂಡಿದ್ದ. ಸಂಜೆ ಮೊದಲ ತಂಗುಮನೆಯಲ್ಲಿ, ನೀರಿನ ಬದಲು ಮರದ ಪುಡಿ ಹಾಕುವ ಟಾಯ್ಲೆಟ್ಟು ನೋಡಿ ಹೊರಗೋಡಿ ಬಂದ.

"ಏನಮ್ಮ ಇದು, ನಾನೇನು ಗೊಬ್ಬರದ ಕಾರ್ಖಾನೆಯಾ?"

"ಹೌದು ಸಾರ್," ಅಂದಳು ಸೊಸೆ, ಮುಖ ಗಂಭೀರವಾಗಿಟ್ಟುಕೊಂಡೇ. "ಮುಂದಿನ ವರ್ಷ ಬನ್ನಿ, ನೀವು ಕೊಟ್ಟದ್ದು ಹೂ ಬಿಟ್ಟಿರುತ್ತೆ."

ಎಲ್ಲರೂ ನಕ್ಕರು, ಸಾಹುಕಾರನೂ ನಕ್ಕ. ಅತ್ತೆ ಟೋಪಿಯೊಳಗೆ ನಕ್ಕಳು. ಮಾತಿನಲ್ಲಿ ಮಾತ್ರ ಇವಳು ನಮ್ಮನೆಯವಳೇ ಆಗಿಬಿಟ್ಟಿದ್ದಾಳೆ.

ಆ ತಂಗುಮನೆ ಮರದ ಕಾಲುಗಳ ಮೇಲೆ ನಿಂತದ್ದು. ಅದರ ಹೊಟ್ಟೆಯಡಿ ಏಡಿಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಬದುಕಿರುವ ಮರಕ್ಕೆ ಒಂದು ಮೊಳೆಯನ್ನೂ ಹೊಡೆಯದೆ ಕಟ್ಟಿಸಿದ್ದಳು ಅತ್ತೆ. ಹಲಗೆಯ ಮೇಲೆ ಮಲಗಿ, ಸಂದಿಯಿಂದ ಬರುವ ಉಪ್ಪು ಗಾಳಿ ಮೂಸುತ್ತ, ನಾಳೆಯಾದರೂ ಈ ಹುಡುಗಿ ಕತ್ತು ತಿರುಗಿಸದಿದ್ದರೆ ಸಾಕಪ್ಪಾ ಅಂದುಕೊಂಡಳು.

ಎರಡನೆಯ ದಿನವೂ ಸೊಸೆ ತಿರುಗಿ ನೋಡಿದಳು, ಸ್ವಲ್ಪ ಕಡಿಮೆ. ಮರಳಿನ ಮೇಲೆ ಹಕ್ಕಿಗಳು ಗೂಡಿಲ್ಲದೆ ಮೊಟ್ಟೆಯಿಟ್ಟ ಜಾಗ ಬಂದಾಗ ಎಲ್ಲರನ್ನೂ ಅಲೆಯಂಚಿನ ಒದ್ದೆ ಮರಳಿಗೆ ಇಳಿಸಿ, ಒಬ್ಬರ ಹೆಜ್ಜೆಯಲ್ಲಿ ಒಬ್ಬರು ನಡೆಯುವಂತೆ ಮಾಡಿದಳು. ಅಲ್ಲೂ ಒಮ್ಮೆ ನೋಡಿದಳು. ಅತ್ತೆಯ ಪೊಟ್ಟಣ ತೆಳ್ಳಗಾಗುತ್ತ ಬಂತು.

ಮೂರನೆಯ ದಿನ ಮಧ್ಯಾಹ್ನ ಅಳಿವೆ ಎದುರಾಯಿತು. ಹೊಳೆ ಕಡಲಿಗೆ ಸೇರುವ ಜಾಗ. ಆಚೆ ದಡದಲ್ಲಿ ಕೊನೆಯ ತಂಗುಮನೆ ಕೈಗೆ ಸಿಗುವಂತೆ ಕಾಣುತ್ತಿತ್ತು. ಮಾವ ಜಗಲಿಯ ಮೇಲೆ ನಿಂತು ಸೌಟು ಬೀಸುತ್ತಿದ್ದ. ಈಚೆ ದಡದಲ್ಲಿ ಕರಿಬಂಡೆ. ಅದರ ಮೈಮೇಲಿನ ಚಿಪ್ಪಿನ ಬಿಳಿ ಗೆರೆ ನೀರಿನಿಂದ ಹೊರಗೆ ಬಂತೆಂದರೆ, ಬಂಡೆಯ ಪಕ್ಕ ಮಂಡಿಯುದ್ದ ನೀರು; ಬಟ್ಟೆ ಎತ್ತಿ ಕಟ್ಟಿ ದಾಟಬಹುದು. ಅತ್ತೆ ಆಯುಷ್ಯವಿಡೀ ದಾಟಿದ್ದು ಹಾಗೆಯೇ. ಗೆರೆ ಆಗಲೇ ಹೊರಗೆ ಬಂದಿತ್ತು, ಬಿಸಿಲಿಗೆ ಒಣಗುತ್ತಲೂ ಇತ್ತು.

ಸೊಸೆ ಬಂಡೆಯ ಬಳಿ ನಿಂತು ನೀರು ನೋಡಿದಳು. ಕೈಯ ಕೋಲನ್ನು ನೀರಿಗೆ ಇಳಿಸಿದಳು. ಆಮೇಲೆ ಎಲ್ಲರನ್ನೂ ದಡದಿಂದ ಹಿಂದಕ್ಕೆ ಕರೆದು, "ಚೀಲ ಇಳಿಸಿ. ಕೂತ್ಕೊಳ್ಳೋಣ," ಅಂದಳು.

"ಕೂತ್ಕೊಳ್ಳೋದಾ?" ಸಾಹುಕಾರ ಬಾಯಿಬಾಯಿ ಬಿಟ್ಟ. "ಅಲ್ಲಿ ಊಟ ಕೈ ಬೀಸಿ ಕರೀತಾ ಇದೆ!"

"ನೀರು ಇನ್ನೂ ಇಳೀಬೇಕು ಸಾರ್."

ಅತ್ತೆ ಬಂಡೆಯ ಬಿಳಿ ಗೆರೆಯತ್ತ ನೋಡಿದಳು. ಇಳಿಯುವುದೇನು ಬಂತು, ಇದೇ ಹೊತ್ತು! ಇನ್ನು ತಡಮಾಡಿದರೆ ಉಬ್ಬರ ತಿರುಗಿ ಬರುತ್ತದೆ, ಆಮೇಲೆ ಇವರೆಲ್ಲ ಮರಳಲ್ಲೇ ಒಣಗಬೇಕು. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಜೇಬಿಗೆ ಕೈ ಹಾಕಿದಳು. ಪೊಟ್ಟಣ ಖಾಲಿ. ಬರೀ ಕಾಗದ. ಕಾಗದವನ್ನೇ ಬಾಯಿಗೆ ಹಾಕಿಕೊಂಡಳು.

"ಅಮ್ಮಾ," ಸಾಹುಕಾರ ಅವಳ ಕಡೆ ತಿರುಗಿದ. "ಈ ದಾರಿ ಮಾಡಿದವರೇ ನೀವಂತೆ. ನೀವು ಹೇಳಿ, ಇಲ್ಲಿ ದಾಟಬಹುದೋ ಇಲ್ಲವೋ?"

ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅವಳು ಕಾಗದ ಅಗಿಯುತ್ತ, ಎಲ್ಲರ ತಲೆಯ ಮೇಲಿಂದ ಸೊಸೆಯನ್ನು ನೋಡಿದಳು. ಈಗ ತಿರುಗುತ್ತಾಳೆ, ಈಗ ನನ್ನ ಮುಖ ಹುಡುಕುತ್ತಾಳೆ, ಅಂದುಕೊಂಡಳು. ಸೊಸೆ ತಿರುಗಲಿಲ್ಲ. ಮೊಣಕಾಲು ತಬ್ಬಿ ಕೂತು, ನೀರನ್ನೇ ನೋಡುತ್ತಿದ್ದಳು. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ.

ಅತ್ತೆ ಕಾಗದವನ್ನು ಕೈಗೆ ಉಗಿದಳು. "ಸೀಟಿ ನನ್ನ ಕೊರಳಲ್ಲಿರಬಹುದು ಸಾಹುಕಾರರೇ," ಅಂದಳು, "ಇವತ್ತು ಕೇಳಬೇಕಾದದ್ದು ಅವಳನ್ನ. ನಾನೂ ನಿಮ್ಮ ಹಾಗೇ ನಡೆಯೋಕೆ ಬಂದವಳು."

ಅಂದುಬಿಟ್ಟಳೇನೋ ಸರಿ, ಆದರೆ ಒಳಗೆ ಕುದಿಯುವುದು ನಿಲ್ಲಲಿಲ್ಲ. ಹೊತ್ತು ಕಳೆಯಲೆಂದು ಸೊಸೆ ಕಥೆ ಶುರುಮಾಡಿದಳು. ಕರಿಬಂಡೆಯ ಕಥೆ, ಅತ್ತೆ ಪ್ರತಿ ಸಲ ಇಲ್ಲೇ ಹೇಳುತ್ತಿದ್ದದ್ದು.

"ಒಂದಾನೊಂದು ಕಾಲದಲ್ಲಿ ಒಬ್ಬಳು ಮಾತುಗಾತಿ ಅಜ್ಜಿ ಇದ್ದಳಂತೆ. ಹೊಳೆ ದಾಟೋಕೆ ಇಲ್ಲಿಗೆ ಬಂದಳು. ಕಡಲು ಅಡ್ಡ ನಿಂತು ಒಂದೇ ಸಮನೆ ಮಾತಾಡ್ತಾ ಇತ್ತು. 'ನೀನು ಸುಮ್ಮನಿರು, ಆಮೇಲೆ ನಾನು ಸುಮ್ಮನಿರ್ತೀನಿ' ಅಂದಳು ಅಜ್ಜಿ. 'ಮೊದಲು ನೀನು' ಅಂತು ಕಡಲು. ಹಗಲು ಹೋಯ್ತು, ಇರುಳು ಹೋಯ್ತು, ಇಬ್ಬರೂ ಬಿಡಲಿಲ್ಲ."

ಆಹಾ, ನನ್ನ ದನಿಯೇ ಬಂದಿದೆ, ಅಂದುಕೊಂಡಳು ಅತ್ತೆ. ಇನ್ನು ಅಜ್ಜಿ ಮಾತಾಡಿ ಮಾತಾಡಿ ಬಂಡೆಯಾಗಬೇಕು.

"ಕೊನೆಗೆ ಅಜ್ಜಿನೇ ಸುಮ್ಮನಾದಳಂತೆ," ಅಂದಳು ಸೊಸೆ. "ಜಗಳಕ್ಕೆ ಜೊತೆ ಇಲ್ಲದೆ ಕಡಲಿಗೆ ಬೇಜಾರಾಗಿ ಹಿಂದೆ ಸರೀತು. ಅಜ್ಜಿ ಹಾಯಾಗಿ ದಾಟಿ ಹೋದಳು. ಇದು ಅವಳು ಕೂತಿದ್ದ ಕಲ್ಲು, ಅಷ್ಟೇ."

"ಕಥೆ ಹಾಗಲ್ಲ ಕಣೇ!"

ಗುಡುಗಿದಂತೆ ಬಂತು ದನಿ. ಟೀಚರಮ್ಮ ಬೆಚ್ಚಿ ನೀರಿನ ಬಾಟಲಿ ಬೀಳಿಸಿದರು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸೊಸೆ ಬೆನ್ನು ತಿರುಗಿಸದೆಯೇ, ತುಸು ತಲೆ ಓರೆಮಾಡಿ, "ಕಥೆಗೆ ಬೈಬಹುದು ಅತ್ತೆ, ದಾರಿಗೆ ತಾನೇ ಬೈಬಾರದು," ಅಂದಳು.

ನಗು ಇನ್ನೂ ಮುಗಿದಿರಲಿಲ್ಲ. ಕರಿಬಂಡೆಯ ಪಕ್ಕದಲ್ಲಿ 'ಧೊಪ್' ಎಂದು ಸದ್ದಾಯಿತು. ಯಾವಾಗಲೂ ದಾಟಲು ಇಳಿಯುತ್ತಿದ್ದ ಮರಳಿನ ಅಂಚು, ಜೀಪಿನಷ್ಟು ದೊಡ್ಡ ತುಂಡು, ಹಾಗೆಯೇ ಕುಸಿದು ನೀರಿಗೆ ಹೋಯಿತು. ಮಂಡಿಯುದ್ದ ಎಂದು ಅತ್ತೆ ಆಣೆ ಹಾಕುತ್ತಿದ್ದ ಜಾಗ ಅದನ್ನು ಗುಳುಂ ಎಂದು ನುಂಗಿತು. ಮೇಲೆ ಒಂದು ಗುಳ್ಳೆ ಬಂತು. ಆಮೇಲೆ ನೀರು ಮತ್ತೆ ನಯವಾಗಿ, ಸಾಧುವಿನಂತೆ ಮಲಗಿತು.

ಸಾಹುಕಾರ ತನ್ನ ಬೂಟು ನೋಡಿಕೊಂಡ. ಅತ್ತೆಯ ಕೈಗಳು ತಾವಾಗಿಯೇ ಬಾಯಿಂದ ಇಳಿದವು. ಚಿಪ್ಪಿನ ಗೆರೆ ಇದ್ದಲ್ಲೇ ಇತ್ತು. ಹೊಳೆ ಮಾತ್ರ, ಅವಳು ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ, ಅವಳನ್ನು ಕೇಳದೆ ಹಾಸಿಗೆ ಬದಲಿಸಿತ್ತು. ಬಂಡೆಯ ಬುಡವನ್ನೇ ಕೊರೆದಿತ್ತು.

ಸೊಸೆ ಎದ್ದು ಮರಳು ಕೊಡವಿಕೊಂಡಳು. "ಹಾಂ, ಈಗ ಬನ್ನಿ." ಅವಳು ಹೊರಟದ್ದು ಬಂಡೆಯ ಕಡೆಗಲ್ಲ, ಕಡಲ ಕಡೆಗೆ. ಅಲ್ಲಿ ನೀರು ಸುಕ್ಕುಸುಕ್ಕಾಗಿ, ನೋಡಲು ಹೆದರಿಕೆಯಾಗುವಂತಿತ್ತು. ಆದರೆ ಆ ಸುಕ್ಕಿನ ನಡುವಿನಿಂದ ಮರಳಿನ ದಿಬ್ಬವೊಂದು ಮಲಗಿದ ಎಮ್ಮೆಯ ಬೆನ್ನಿನಂತೆ ಮೆಲ್ಲಗೆ ಮೇಲೇಳುತ್ತಿತ್ತು. ಒಬ್ಬೊಬ್ಬರಾಗಿ ದಾಟಿದರು. ನೀರು ಹಿಮ್ಮಡಿ ಮೀರಲಿಲ್ಲ. ಹಿಮ್ಮಡಿ ತರಚಿದ ಸಾಹುಕಾರ ಬೂಟು ಕೈಯಲ್ಲಿ ಹಿಡಿದು, "ಆಹಾ, ತಣ್ಣಗಿದೆ," ಎಂದು ಮಗುವಿನಂತೆ ನಕ್ಕ.

ಅತ್ತೆ ಕೊನೆಯವಳು. ದಿಬ್ಬದ ನಡುವೆ ನಿಂತು ಮುಂದೆ ನೋಡಿದಳು. ಸೊಸೆಯ ಬೆನ್ನು ಕಂಡಿತು. ನೆಟ್ಟಗೆ, ಬೆವರಿಗೆ ಒದ್ದೆಯಾದ ಬೆನ್ನು. ಅಳಿವೆಯುದ್ದಕ್ಕೂ ಒಂದು ಸಲವೂ ತಿರುಗಿರಲಿಲ್ಲ. ಇಷ್ಟು ಕಾಲ ತನ್ನ ಬೆನ್ನಿನ ಹಿಂದೆ ಬಂದವರು ಕಂಡದ್ದು ಇಂಥದ್ದನ್ನೇ ಇರಬೇಕು. ಅತ್ತೆಯ ಎದೆ ಹಾಯಿಗೆ ಗಾಳಿ ತುಂಬಿದಂತೆ ಉಬ್ಬಿತು. ಟೋಪಿ ತೆಗೆದಳು. ಹುಬ್ಬು ಏನು ಬೇಕಾದರೂ ಹೇಳಿಕೊಳ್ಳಲಿ.

ದಡ ಹತ್ತಿದ್ದೇ ತಡ, ಅವಳ ಬಾಯಿಯ ಕಟ್ಟೆ ಒಡೆಯಿತು.

"ಏನೂಂದ್ರೆ! ನೋಡಿದ್ರಾ? ನನ್ನ ಸೊಸೆ! ಕಡಲಿಲ್ಲದ ಊರಿನವಳು! ನಾನಾಗಿದ್ರೆ ಎಲ್ಲರನ್ನೂ ಆ ಗುಂಡಿಗೆ ಇಳಿಸಿಬಿಡ್ತಿದ್ದೆ, ಗೊತ್ತಾ? ಊಟ ಬಡಿಸಿ ಮೊದಲು, ನಿಂತ್ಕೊಂಡು ಏನು ನೋಡ್ತೀರಿ!" ಟೀಚರಮ್ಮನಿಗೆ ಹೇಳಿದಳು, ಹೊಸ ಜೋಡಿಗೆ ಹೇಳಿದಳು, ಕಣ್ಣಾರೆ ಕಂಡು ಬಂದ ಸಾಹುಕಾರನನ್ನೂ ಬಿಡದೆ ಕೂರಿಸಿಕೊಂಡು ಮೊದಲಿನಿಂದ ಹೇಳಿದಳು. ಜೀಪು ತೊಳೆಯುತ್ತಿದ್ದ ಮೈದುನನಿಗೆ ಕೇಳಲೆಂದು ದನಿ ಇನ್ನಷ್ಟು ಏರಿಸಿದಳು.

ಸೊಸೆ ತೊಟ್ಟಿಯ ಬಳಿ ಕಾಲು ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತೆ ಬಂದು ಪಕ್ಕದಲ್ಲಿ ನಿಂತಳು.

"ಹೊಳೆ ಬುಡ ಕೊರೆದದ್ದು ನಿನಗೆ ಮೊದಲೇ ಗೊತ್ತಿತ್ತಾ?"

"ಹೋದ ಗಾಳಿಮಳೆ ಆದಾಗಿನಿಂದ, ಅತ್ತೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ಅತ್ತೆ ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ," ಅಂದಳು. ಕೊರಳಿನ ಸೀಟಿ ಬಿಚ್ಚಿ, ಒದ್ದೆ ಕೂದಲು ಸರಿಸಿ, ಸೊಸೆಯ ಕೊರಳಿಗೆ ತಾನೇ ಕಟ್ಟಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು. ಸೊಸೆಯ ಕಣ್ಣು ತುಂಬಿತು. ಅತ್ತೆ ಅದನ್ನು ಕಾಣದವಳಂತೆ ಕಡಲ ಕಡೆ ನೋಡಿದಳು.

"ಕಥೆ ಮಾತ್ರ ಹಾಳು ಮಾಡಿದೆ. ಆಗಲಿ, ಇನ್ನು ನಿನ್ನ ದಾರಿ, ನಿನ್ನ ಕಥೆ. ಮುಂದಿನ ನಡಿಗೇಲಿ ನಾನೆಲ್ಲಿರಲಿ?"

"ನಿನ್ನ ಮಂಡಿ?" ಮಾವ ಒಳಗಿನಿಂದ ಕೂಗಿದ.

"ಮಂಡಿ ನೋವೆಲ್ಲ ಮುಂದೆ ನಡೆಯೋರಿಗೆ, ನೀವು ಸುಮ್ನಿರಿ. ಹೇಳೇ."

"ಸಾಲಿನ ಕೊನೇಲಿ ಬನ್ನಿ, ಅತ್ತೆ."

"ಮಾತಾಡಬಹುದೋ?"

ಸೊಸೆ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಯೋಚಿಸಿದಳು. ಯಜಮಾನಿಕೆಯ ಕಳೆ ಆಗಲೇ ಮುಖಕ್ಕೆ ಬಂದಿತ್ತು. "ಅಳಿವೆ ಬರೋ ತನಕ ಎಷ್ಟು ಬೇಕಾದ್ರೂ ಮಾತಾಡಿ. ಅಲ್ಲಿ ಮಾತ್ರ..."

"ಗೊತ್ತು, ಗೊತ್ತು." ಅತ್ತೆ ಅಡುಗೆಮನೆಯ ಕಿಟಕಿಗೆ ಕೈಯೊಡ್ಡಿದಳು. "ಏನೂಂದ್ರೆ, ಪೆಪ್ಪರ್‌ಮೆಂಟು ಇನ್ನೂ ಇದೆಯಾ?"